ಕುಂಡದಲ್ಲಿ ಕೂತ ಕಳ್ಳಿ | ಭಾಗ 3

ಫೋಟೋದಲ್ಲಿರೋದು ಮೆಕ್ಸಿಕೋ ಮೂಲದ ಆಸ್ಟ್ರೋಫೈಟಮ್. ಕುಂಡ ಪಾಟರಿ ಟೌನ್‌ದು, ಕೈಯಲ್ಲೇ ಮಾಡಿದ್ದು. ಬೊಮ್ಮನಹಳ್ಳಿ ಬಾಲ್ಕನೀಲಿ ಅದನ್ನ ಮುದ್ದು ಮಾಡೋದು ನೋಡಿ ಅಜ್ಜಿ ಕೇಳಿದ್ರು: "ಪಾಪಾಸುಕಳ್ಳಿಗೆ ಇಷ್ಟು ದುಡ್ಡಾ?"

ಎರಡೂ ಒಂದೇ ವಂಶ, ಅಮೆರಿಕ ಖಂಡದವು. (ಹಾಲು ಸುರಿಸೋ ಬೇಲಿಗಳ್ಳಿ ಕ್ಯಾಕ್ಟಸ್ಸೇ ಅಲ್ಲ, ಗೊತ್ತಾ?) ಬ್ರಿಟಿಷ್ ಅಧಿಕಾರಿಗಳ ಕೆಂಪು ಕೋಟಿಗೆ ಬಣ್ಣ ಕೊಡ್ತಿದ್ದ ಕೊಚಿನೀಲ್ ಹುಳ ಬದುಕೋದು ಪಾಪಾಸುಕಳ್ಳಿ ಮೇಲೆ. ಆ ವ್ಯಾಪಾರ ಸ್ಪೇನಿನ ಕೈಲಿತ್ತು, ಈಸ್ಟ್ ಇಂಡಿಯಾ ಕಂಪನಿಗೂ ಆಸೆ ಹುಟ್ತು. 1795ರಲ್ಲಿ ಬ್ರೆಜಿಲ್‌ನಿಂದ ಕಲ್ಕತ್ತೆಗೆ ಹುಳ ಬಂತು. ಆದ್ರೆ ಬಂದಿದ್ದು ಬೇರೆ ಜಾತಿ: ಬಣ್ಣ ಕಳಪೆ, ಹಸಿವು ಮಾತ್ರ ಜೋರು! ಒಂದು ಬಗೆಯ ಕಳ್ಳಿಯನ್ನ ಹೆಚ್ಚುಕಮ್ಮಿ ತಿಂದೇ ಮುಗಿಸ್ತು. ಇನ್ನೊಂದು ಬಗೆ ಹೊಲಗದ್ದೆಗೆ ಹಬ್ಬಿದಾಗ, 1926ರಲ್ಲಿ ಸಿಲೋನಿನಿಂದ ಮತ್ತೊಂದು ಹುಳ ತರಿಸಿದ್ರು, ಈ ಸಲ ಕಳ್ಳಿ ಸಾಯ್ಲಿ ಅಂತಲೇ.

ಇವತ್ತು ಬೆಳಿಗ್ಗೆ ನನ್ನ ಕಳ್ಳಿ ಬುಡದಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಕಾಣ್ತು. ಹಳೇ ಟೂತ್‌ಬ್ರಶ್ ತಂದುಕೊಟ್ಟಿದ್ದು ಅಜ್ಜಿನೇ.