ಬಾಗಿಲ ಬಳಿ ನಿಂತವಳು

ನಮ್ಮೂರು ಬಂಗಾರಪೇಟೆ. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಲ್ಲಿ ಹಿಂದೆ ಅದನ್ನು ಬೌರಿಂಗ್‌ಪೇಟೆ ಎನ್ನುತ್ತಿದ್ದರು. ಅಲ್ಲಿಂದ ಮಾರಿಕುಪ್ಪಂ ರೈಲು ಹತ್ತಿದರೆ ಕೆ.ಜಿ.ಎಫ್. ನಾಲ್ಕನೇ ತರಗತಿಯವರೆಗೆ ನಾನು ಓದಿದ್ದು ಊರಿನ ಸರ್ಕಾರಿ ಶಾಲೆಯಲ್ಲಿ. ಅಪ್ಪನಿಗೆ ಗಣಿಯ ಆಫೀಸಿನಲ್ಲಿ ಕೆಲಸ ಸಿಕ್ಕ ಮೇಲೆ ಕೆ.ಜಿ.ಎಫ್.ನ ಕಾನ್ವೆಂಟೊಂದಕ್ಕೆ ಸೇರಿಸಿದರು.

ಸರ್ಕಾರಿ ಶಾಲೆಯಲ್ಲಿ ಶುಕ್ರವಾರ ಬಂತೆಂದರೆ ನಮಗೆ ಹಬ್ಬ. ಶಾರದೆಯ ಪಟಕ್ಕೆ ಹೂವು, ತೆಂಗಿನಕಾಯಿ, ಮಂಗಳಾರತಿ. ಕೊನೆಗೆ ಕಡ್ಲೆಪುರಿ. ನನ್ನ ಪಕ್ಕ ಕೂರುತ್ತಿದ್ದ ಮುಸ್ಲಿಂ ಗೆಳತಿ ಮಾತ್ರ ಆ ಹೊತ್ತಿಗೆ ಎದ್ದು ಬಾಗಿಲ ಬಳಿ ನಿಲ್ಲುತ್ತಿದ್ದಳು. ಹೊರಗೆ ಹೋಗು ಎಂದು ಯಾರೂ ಹೇಳಿರಲಿಲ್ಲ, ಒಳಗೆ ಬಾ ಎಂದೂ ಕರೆದಿರಲಿಲ್ಲ. ಪುರಿ ಕೊಟ್ಟರೆ ಲಂಗದ ಮಡಿಲಲ್ಲಿ ಹಿಡಿದು, ತಿನ್ನಲೋ ಬೇಡವೋ ಎಂದು ನನ್ನ ಮುಖ ನೋಡುತ್ತಿದ್ದಳು.

ಕಾನ್ವೆಂಟಿನಲ್ಲಿ ಸರದಿ ನನ್ನದಾಯಿತು. ಕೆಥೋಲಿಕ್ ಮಕ್ಕಳು ಧರ್ಮೋಪದೇಶಕ್ಕೆ ಒಂದು ಕೋಣೆಗೆ ಹೋದರೆ, ಉಳಿದ ನಮಗೆ ಇನ್ನೊಂದರಲ್ಲಿ ಮಾರಲ್ ಸೈನ್ಸ್. ಬೆಳಗಿನ ಪ್ರಾರ್ಥನೆ ಮಾತ್ರ ಎಲ್ಲರಿಗೂ ಒಂದೇ. ಎಲ್ಲರೂ ಶಿಲುಬೆಯ ಗುರುತು ಹಾಕಿಕೊಳ್ಳುವಾಗ ಕೈ ಎತ್ತಲೋ ಬಿಡಲೋ ತಿಳಿಯದೆ ನಾನು ಜಡೆ ಸರಿಮಾಡಿಕೊಳ್ಳುತ್ತಿದ್ದೆ.

ನಾನೇ ಟೀಚರಾದ ಮೇಲೆ ಇದರ ಹಿಂದಿನ ಕಥೆ ತಿಳಿಯಿತು. 1854ರಲ್ಲಿ ವುಡ್ ಸಾಹೇಬರು ಕಂಪನಿ ಸರ್ಕಾರಕ್ಕೆ ಕಳಿಸಿದ ಶಿಕ್ಷಣ ಪತ್ರ ಒಂದು ದಾರಿ ಹಾಕಿತ್ತು. ಸರ್ಕಾರದ ಶಾಲೆಯಲ್ಲಿ ಮತಬೋಧನೆ ಬೇಡ. ಮಿಷನ್ ಶಾಲೆಗಳು ಲೌಕಿಕ ವಿದ್ಯೆಯನ್ನು ಚೆನ್ನಾಗಿ ಕಲಿಸಿದರೆ ಸಹಾಯಧನ ಕೊಡಿ, ಅವರ ಮತದ ಪಾಠಕ್ಕೆ ಕೈ ಹಾಕಬೇಡಿ. ಮೈಸೂರಿನಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಹುಟ್ಟಿದ್ದು ಅದೇ ಜಾಡಿನಲ್ಲಿ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 28ನೇ ವಿಧಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಸರ್ಕಾರದ ಮಾನ್ಯತೆಯೋ ನೆರವೋ ಪಡೆದ ಶಾಲೆಯಲ್ಲಿ ಬೋಧನೆಗಾಗಲಿ ಪೂಜೆಗಾಗಲಿ ಮಗುವನ್ನು ಕೂರಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು.

ಓದಿ ಸುಮ್ಮನೆ ಕುಳಿತೆ. ಒಪ್ಪಿಗೆ ಕೇಳುವ ಕಾಗದ ನನ್ನಮ್ಮನಿಗೆ ಬಂದೇ ಇರಲಿಲ್ಲ. ಪೂಜೆಯೆಂದರೆ ಬೋಧನೆಯಲ್ಲ ಎಂದು ವಕೀಲರು ವಾದಿಸಬಹುದು. ಬಾಗಿಲ ಬಳಿ ನಿಂತವಳಿಗೆ ಆ ವ್ಯತ್ಯಾಸ ಹೇಗೆ ಗೊತ್ತಾಗಬೇಕು?

ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಗಡದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಿದ್ದರು. 1986ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು. ಸುಮ್ಮನೆ ನಿಂತ ಮಗುವಿನ ಮನಸ್ಸಿಗೂ ಬೆಲೆಯಿದೆ ಎಂದು ದೊಡ್ಡ ಕೋರ್ಟು ಹೇಳಿದ ಹಾಗಾಯಿತು.

2022ರ ಜನವರಿಯಲ್ಲಿ ನಮ್ಮದೇ ಜಿಲ್ಲೆಯ ಮುಳಬಾಗಿಲಿನ ಸರ್ಕಾರಿ ಶಾಲೆಯೊಂದರಲ್ಲಿ ಮಕ್ಕಳು ಶುಕ್ರವಾರ ತರಗತಿಯೊಳಗೆ ನಮಾಜು ಮಾಡಿದರೆಂದು ದೊಡ್ಡ ಗದ್ದಲವಾಯಿತು. ಮುಖ್ಯ ಶಿಕ್ಷಕಿ ಅಮಾನತಾದರು. ಪೇಪರಿನಲ್ಲಿ ಓದಿದಾಗ ನನಗೆ ನೆನಪಾದದ್ದು ಕಡ್ಲೆಪುರಿ. ನಮ್ಮ ಶುಕ್ರವಾರಗಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಿಯಮ ಬೇಡ ಎನ್ನುತ್ತಿಲ್ಲ. ಅದು ಎಲ್ಲರ ಶುಕ್ರವಾರಕ್ಕೂ ಒಂದೇ ಇರಲಿ ಎಂದಷ್ಟೇ.

2001ರಲ್ಲಿ ಗಣಿ ಮುಚ್ಚಿತು. ರೈಲು ಈಗಲೂ ಓಡುತ್ತಿದೆ. ಒಮ್ಮೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅದೇ ಗೆಳತಿ ಸಿಕ್ಕಳು, ಮೊಮ್ಮಗಳ ಕೈ ಹಿಡಿದುಕೊಂಡು.

“ಆ ಪುರಿ ಏನು ಮಾಡ್ತಿದ್ದೆಯೇ?” ಎಂದೆ.

“ದಾರೀಲೇ ತಿಂದುಬಿಡ್ತಿದ್ದೆ ಕಣೇ, ಅಮ್ಮಂಗೆ ಹೇಳದೆ,” ಎಂದು ನಕ್ಕಳು. ಆಮೇಲೆ ಮೆಲ್ಲಗೆ, “ಕೇಳಿದ್ರೆ ಅಮ್ಮ ಬೇಡ ಅಂತಿರ್ಲಿಲ್ಲವೇನೋ. ಯಾರೂ ಕೇಳ್ಲಿಲ್ಲ,” ಎಂದಳು.