ಮಡ್‌ಗಾರ್ಡಿನ ಮೇಲಿನ ಏರಿಯಲ್

ಅಮೆರಿಕದ ಹಳ್ಳಿಗಾಡಿನಲ್ಲಿ ಮೂವತ್ತು, ನಲವತ್ತು ವರ್ಷ ದುಡಿದ ಪಿಕಪ್ ಟ್ರಕ್ಕುಗಳು ಈಗಲೂ ಕಾಣಸಿಗುತ್ತವೆ. ಎಂಜಿನ್ ಗಟ್ಟಿಯಾಗಿರುತ್ತದೆ. ಬಾಗಿಲು ಕಿರುಗುಟ್ಟಿದರೂ ಮುಚ್ಚಿಕೊಳ್ಳುತ್ತದೆ. ಆದರೆ ಮುಂದಿನ ಮಡ್‌ಗಾರ್ಡಿನ ಮೇಲೆ ನೆಟ್ಟಗೆ ನಿಂತಿರಬೇಕಾದ ರೇಡಿಯೊ ಏರಿಯಲ್ ಮಾತ್ರ ಎಷ್ಟೋ ಗಾಡಿಗಳಲ್ಲಿ ಮುರಿದಿರುತ್ತದೆ. ಮರದ ಕೊಂಬೆ, ತುಕ್ಕು, ಗಾಡಿ ತೊಳೆಯುವ ಯಂತ್ರದ ಬ್ರಷ್ಷು, ಬೀದಿಯ ಪುಂಡ ಹುಡುಗರು, ಹೀಗೆ ಅದಕ್ಕೆ ಶತ್ರುಗಳು ಹಲವರು. ಮುರಿದ ಬುಡಕ್ಕೆ ಬಟ್ಟೆ ನೇತುಹಾಕುವ ತಂತಿಯ ಹ್ಯಾಂಗರನ್ನು ಬಿಚ್ಚಿ ಸಿಕ್ಕಿಸಿ ಕೆಲಸ ಸಾಗಿಸುವುದು ಅಲ್ಲಿನ ಹಳೆಯ ರೂಢಿ.

ಪಿಕಪ್‌ನ ಬಿಡಿಭಾಗಗಳಲ್ಲಿ ಅಗ್ಗವಾದವುಗಳಲ್ಲಿ ಏರಿಯಲ್ ಒಂದು. ಅದಿಲ್ಲದಿದ್ದರೂ ಗಾಡಿ ಓಡುತ್ತದೆ. ಹಾಗಿದ್ದರೂ ಜನ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡಿದ್ದಾರೆ. ವಾಹನದ ಅಂದ ಕೆಡುತ್ತದೆಂದು ತಯಾರಕರು ಅದನ್ನು ಮರೆಮಾಡಿದಾಗ ತಾವೇ ಮಡ್‌ಗಾರ್ಡಿಗೆ ರಂಧ್ರ ಕೊರೆದು ಹೊರಗೆ ನಿಲ್ಲಿಸಿದ್ದಾರೆ. ಏಕೆ? ಇದಕ್ಕೆ ಉತ್ತರ ಬೇಕಾದರೆ ವಾಹನಕ್ಕೆ ರೇಡಿಯೊ ಬಂದ ಕಾಲಕ್ಕೆ ಹೋಗಬೇಕು.

ಛಾವಣಿಯಲ್ಲಿ ಅಡಗಿದ್ದ ಜಾಲರಿ

1930ರ ಜೂನ್ ತಿಂಗಳಲ್ಲಿ ಷಿಕಾಗೊದ ಪಾಲ್ ಗಾಲ್ವಿನ್ ಎಂಬ ಉದ್ಯಮಿ ತನ್ನ ಸ್ಟುಡಿಬೇಕರ್ ಕಾರಿಗೆ ರೇಡಿಯೊ ಅಳವಡಿಸಿ, ರೇಡಿಯೊ ತಯಾರಕರ ಸಮ್ಮೇಳನ ನಡೆಯುತ್ತಿದ್ದ ಅಟ್ಲಾಂಟಿಕ್ ಸಿಟಿಗೆ ಹೋದ. ಅಲ್ಲಿ ಕಾರಿನ ರೇಡಿಯೊ ನುಡಿಸಿ ವ್ಯಾಪಾರಿಗಳಿಂದ ಬೇಡಿಕೆ ಪಡೆದ. ಆ ರೇಡಿಯೊಗೆ ಅವನು ಇಟ್ಟ ಹೆಸರು ಮೋಟೊರೋಲ. ಮುಂದೆ ಅದೇ ಆ ಕಂಪೆನಿಯ ಹೆಸರೂ ಆಯಿತು. ಕಾರಿಗೆ ರೇಡಿಯೊ ಕೂಡಿಸಿದವರಲ್ಲಿ ಗಾಲ್ವಿನ್ ಮೊದಲಿಗನಲ್ಲ. ಆದರೆ ದೊಡ್ಡ ಪ್ರಮಾಣದಲ್ಲಿ ಮಾರುವಂಥ ಸೆಟ್ಟನ್ನು ಮಾಡಿದವರಲ್ಲಿ ಮುಂಚೂಣಿಯವನು. ಬೆಲೆ ನೂರು ಡಾಲರಿಗೂ ಹೆಚ್ಚಾಗಿತ್ತು. ಅಂದು ಕೆಲವೇ ನೂರು ಡಾಲರಿಗೆ ಫೋರ್ಡ್ ಕಂಪೆನಿಯ ಹೊಸ ಕಾರು ಸಿಗುತ್ತಿತ್ತು.

ಬೆಲೆಗಿಂತ ದೊಡ್ಡ ತೊಡಕು ಅಳವಡಿಕೆಯದು. ಅಂದಿನ ಹಲವು ಕಾರುಗಳ ಛಾವಣಿ ಪೂರ್ತಿ ಉಕ್ಕಿನದಾಗಿರಲಿಲ್ಲ. ನಡುಭಾಗ ಮರದ ಚೌಕಟ್ಟು ಮತ್ತು ಬಟ್ಟೆಯದು. ಒಳಗಿನ ಬಟ್ಟೆಯನ್ನು ಬಿಚ್ಚಿ, ಕೋಳಿಗೂಡಿಗೆ ಬಳಸುವಂಥ ತಂತಿಯ ಜಾಲರಿಯನ್ನು ಹಾಸಿ, ಅದನ್ನೇ ಏರಿಯಲ್ ಆಗಿ ಬಳಸಲಾಗುತ್ತಿತ್ತು. ನಮ್ಮಲ್ಲಿ ಹಿಂದೆ ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ತಾಮ್ರದ ಜಾಲರಿಯ ಪಟ್ಟಿ ಕಟ್ಟಿ ರೇಡಿಯೊ ಕೇಳುತ್ತಿದ್ದುದನ್ನು ಹಿರಿಯರು ಬಲ್ಲರು. ತತ್ವ ಎರಡಕ್ಕೂ ಒಂದೇ.

ಈ ವ್ಯವಸ್ಥೆಗೆ ಕುತ್ತು ಬಂದದ್ದು ಉಕ್ಕಿನ ಛಾವಣಿಯಿಂದ. ಜನರಲ್ ಮೋಟಾರ್ಸ್ 1935ರ ಕಾರುಗಳಿಗೆ ಒಂದೇ ಹಾಳೆಯಿಂದ ಅಚ್ಚೊತ್ತಿದ ಉಕ್ಕಿನ ಛಾವಣಿ ತಂದಿತು. ಉಳಿದವರೂ ಅದೇ ದಾರಿ ಹಿಡಿದರು. ರೇಡಿಯೊ ಅಲೆಗಳಿಗೆ ಉಕ್ಕು ಗೋಡೆಯಿದ್ದಂತೆ, ಅದರಡಿಯ ಜಾಲರಿಗೆ ಏನೂ ದಕ್ಕುವುದಿಲ್ಲ. ಏರಿಯಲ್ಲನ್ನು ಕೆಲಕಾಲ ಕಾರು ಹತ್ತುವ ಮೆಟ್ಟಿಲ ಹಲಗೆಯ ಕೆಳಗೆ ಕಟ್ಟಿ ನೋಡಿದರು. ಅಲ್ಲಿ ಕೆಸರು, ಕಲ್ಲು, ನೀರು. ಕೊನೆಗೆ ಅದು ಗಾಡಿಯ ಹೊರಮೈಗೆ ಬಂದು ಕಡ್ಡಿಯಾಗಿ ನಿಂತಿತು.

ಉದ್ದದ ಲೆಕ್ಕ

ಏರಿಯಲ್ ಎಷ್ಟು ಉದ್ದವಿರಬೇಕು? ಇಂಥ ಕಡ್ಡಿ ಏರಿಯಲ್ ಅಲೆಯ ಉದ್ದದ ಕಾಲುಭಾಗದಷ್ಟಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಎಫ್‌ಎಂ ಪ್ರಸಾರ ನಡೆಯುವುದು 88ರಿಂದ 108 ಮೆಗಾಹರ್ಟ್ಸ್ ನಡುವೆ. ಅದರ ಮಧ್ಯಭಾಗದಲ್ಲಿ ಅಲೆಯ ಉದ್ದ ಸುಮಾರು 3 ಮೀಟರ್. ಕಾಲುಭಾಗ ಎಂದರೆ ಸುಮಾರು 76 ಸೆಂಟಿಮೀಟರ್, ಅಂದರೆ 30 ಅಂಗುಲ. ಅಮೆರಿಕದ ವಾಹನಗಳಲ್ಲಿ 31 ಅಂಗುಲದ ಕಡ್ಡಿ ವಾಡಿಕೆಯಾಗಿರುವುದರ ಹಿಂದೆ ಈ ಲೆಕ್ಕವಿದೆ.

ಅಮೆರಿಕದವರು ಎಎಂ ಎಂದು ಕರೆಯುವುದು ನಮಗೆ ಮೀಡಿಯಂ ವೇವ್ ಎಂದು ಪರಿಚಿತ. ಅದರ ಲೆಕ್ಕವೇ ಬೇರೆ. ಕನ್ನಡ ಕೇಳುಗರಿಗೆ ಗೊತ್ತಿರುವ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅನ್ನೇ ತೆಗೆದುಕೊಂಡರೆ, ಅಲೆಯ ಉದ್ದ ಸುಮಾರು 490 ಮೀಟರ್. ಕಾಲುಭಾಗ 122 ಮೀಟರ್, ಅಂದರೆ 400 ಅಡಿ! ಯಾವ ವಾಹನವೂ ಅದನ್ನು ಹೊರಲಾರದು. ಆದ್ದರಿಂದ ಉದ್ದದ ಹೊಣೆಯನ್ನು ಪ್ರಸಾರ ಕೇಂದ್ರವೇ ಹೊರುತ್ತದೆ. ಅಮೆರಿಕದ ನ್ಯಾಷ್‌ವಿಲ್‌ನ ಡಬ್ಲ್ಯುಎಸ್‌ಎಂ ಕೇಂದ್ರದ ಗೋಪುರವನ್ನು 1932ರಲ್ಲಿ ಕಟ್ಟಲಾಯಿತು. ಇಂದು ಅದರ ಎತ್ತರ 808 ಅಡಿ, ಗೋಪುರಕ್ಕೆ ಗೋಪುರವೇ ಏರಿಯಲ್. 650 ಕಿಲೋಹರ್ಟ್ಸ್‌ನಲ್ಲಿ 50,000 ವ್ಯಾಟ್ ಶಕ್ತಿಯ ಅದರ ಪ್ರಸಾರ ರಾತ್ರಿಯ ಹೊತ್ತು ಮೇಲಣ ವಾಯುಮಂಡಲದ ಅಯಾನುಗೋಳಕ್ಕೆ ತಾಗಿ ಮರಳಿ, ಹಲವು ರಾಜ್ಯಗಳಾಚೆ ಹೆದ್ದಾರಿಯಲ್ಲಿರುವ ಟ್ರಕ್ಕಿನ ಪುಟ್ಟ ಕಡ್ಡಿಗೂ ಸಿಗುತ್ತದೆ.

ಪಿಕಪ್‌ಗಳ ಮಟ್ಟಿಗೆ ರೇಡಿಯೊ ಬಹುಕಾಲ ಹೆಚ್ಚುವರಿ ಹಣ ತೆತ್ತು ಹಾಕಿಸಿಕೊಳ್ಳುವ ವಸ್ತುವಾಗಿತ್ತು. ಹೊಲಕ್ಕೂ ಪೇಟೆಗೂ ಓಡಾಡುವ ರೈತನಿಗೆ ಅದರಿಂದ ಧಾನ್ಯ ಮತ್ತು ದನಕರುಗಳ ಧಾರಣೆ, ಹವಾಮಾನ ವರದಿ, ಸುಂಟರಗಾಳಿಯ ಎಚ್ಚರಿಕೆ ಸಿಗುತ್ತಿತ್ತು. ಶೀತಲ ಸಮರದ ದಿನಗಳಲ್ಲಿ ಇದಕ್ಕೆ ಇನ್ನೊಂದು ಹೊಣೆ ಸೇರಿತು. 1951ರಿಂದ 1963ರವರೆಗೆ ಜಾರಿಯಲ್ಲಿದ್ದ ಕಾನೆಲ್ರಾಡ್ ಎಂಬ ವ್ಯವಸ್ಥೆಯಂತೆ, ವೈಮಾನಿಕ ದಾಳಿಯ ಭೀತಿ ಎದುರಾದಾಗ ಜನ 640 ಅಥವಾ 1240 ಕಿಲೋಹರ್ಟ್ಸ್‌ಗೆ ಮುಳ್ಳು ತಿರುಗಿಸಬೇಕಿತ್ತು. ಆ ಕಾಲದ ರೇಡಿಯೊಗಳ ಡಯಲಿನಲ್ಲಿ ಈ ಎರಡು ಜಾಗಗಳಲ್ಲಿ ಪುಟ್ಟ ತ್ರಿಕೋನದ ಗುರುತು ಕಾಣುತ್ತದೆ.

ಅದೇ ಕಾಲದಲ್ಲಿ ಏರಿಯಲ್ ಬೇರೊಂದು ಕಾರಣಕ್ಕೂ ಕುಖ್ಯಾತವಾಯಿತು. 1950ರ ದಶಕದಲ್ಲಿ ನ್ಯೂಯಾರ್ಕಿನಂಥ ನಗರಗಳ ಪುಂಡರ ಗುಂಪುಗಳು ಕಾರುಗಳ ಏರಿಯಲ್ ಮುರಿದು, ಅದರ ಟೊಳ್ಳು ಕೊಳವೆಯಿಂದ ನಾಡ ಪಿಸ್ತೂಲಿನ ನಳಿಗೆ ಮಾಡಿಕೊಳ್ಳುತ್ತಿದ್ದವು.

ಗಾಜಿನೊಳಗಿನ ತಂತಿ

ಕಡ್ಡಿ ಮುರಿಯುತ್ತದೆ, ಗಾಳಿಗೆ ಶಿಳ್ಳೆ ಹಾಕುತ್ತದೆ, ನೋಟಕ್ಕೂ ಚೆಂದವಲ್ಲ ಎಂಬ ದೂರುಗಳಿಗೆ ಪರಿಹಾರವಾಗಿ ಜನರಲ್ ಮೋಟಾರ್ಸ್ 1969ರ ಪಾಂಟಿಯಾಕ್ ಗ್ರ್ಯಾಂಡ್ ಪ್ರಿ ಕಾರಿನಲ್ಲಿ ಏರಿಯಲ್ಲನ್ನು ಮುಂಗಾಜಿನೊಳಗೇ ಇಟ್ಟಿತು. 1973ರಲ್ಲಿ ಬಂದ ಷೆವರ್ಲೆ ಮತ್ತು ಜಿಎಂಸಿ ಪಿಕಪ್‌ಗಳಿಗೂ ಇದೇ ಏರ್ಪಾಟು ಬಂತು. ಗಾಜಿನ ನಡುವೆ ಕೆಳಗಿನಿಂದ ಮೇಲೆ ಹೋಗಿ, ತುದಿಯಲ್ಲಿ ಎಡಬಲಕ್ಕೆ ಹೊರಳುವ ಕೂದಲೆಳೆಯಂಥ ತಂತಿಗಳು! ಮುರಿಯುವ ಭಯವಿಲ್ಲ, ಕಳ್ಳನ ಕೈಗೆ ಸಿಗುವುದಿಲ್ಲ.

ನಗರದಲ್ಲಿ ಇದು ಹೇಗೋ ನಡೆಯಿತು. ಕೇಂದ್ರದಿಂದ ದೂರ ಹೋದಂತೆ ಅದರ ದೌರ್ಬಲ್ಯ ಬಯಲಾಯಿತು. ಲೋಹದ ಚೌಕಟ್ಟಿನ ನಡುವೆ ಸಿಕ್ಕಿಕೊಂಡ ತಂತಿಗೆ ಮಡ್‌ಗಾರ್ಡಿನ ಮೇಲಿನ ಕಡ್ಡಿಯಷ್ಟು ಅಲೆ ದಕ್ಕುತ್ತಿರಲಿಲ್ಲ. ತಂತಿ ತುಂಡಾದರೆ ಇಡೀ ಗಾಜನ್ನೇ ಬದಲಿಸಬೇಕು. ಕಲ್ಲು ಬಡಿದು ಗಾಜು ಒಡೆದಾಗ ತಂತಿಯಿಲ್ಲದ ಸಾದಾ ಗಾಜು ಹಾಕಿಸಿದರೆ ರೇಡಿಯೊ ಮೂಕಾಗುತ್ತಿತ್ತು. ಪಿಕಪ್ ಒಡೆಯರು ಬಿಡಿಭಾಗದ ಅಂಗಡಿಗೆ ಹೋಗಿ ಹಳೆಯ ಕಡ್ಡಿಯನ್ನೇ ಕೊಂಡು ತಂದರು. ಅಂದಕ್ಕಾಗಿ ಒಳಗೆ ಹೋದದ್ದು ಉಪಯೋಗಕ್ಕಾಗಿ ಹೊರಗೆ ಬಂತು.

ಹೊಸ ಕಡ್ಡಿ ಕೂರಿಸುವ ಬಗೆ

ಮುರಿದ ಏರಿಯಲ್ ಬದಲಿಸುವುದು ಕಷ್ಟದ ಕೆಲಸವಲ್ಲ. ಆದರೆ ಮೇಲಿನ ಚರಿತ್ರೆಯ ಪಾಠಗಳೆಲ್ಲ ಅದರಲ್ಲಿವೆ. ಕೆಲವು ಗಾಡಿಗಳಲ್ಲಿ ಕಡ್ಡಿಯಷ್ಟನ್ನೇ ತಿರುಗಿಸಿ ಬಿಚ್ಚಬಹುದು. ಇಲ್ಲದಿದ್ದರೆ ಬುಡದ ನಟ್ ಬಿಚ್ಚಿ ಕೇಬಲ್ ಸಮೇತ ತೆಗೆಯಬೇಕು. ಕೇಬಲ್ ಮಡ್‌ಗಾರ್ಡಿನ ಒಳಗಿನಿಂದ ಹಾದು ಡ್ಯಾಶ್‌ಬೋರ್ಡಿನ ಹಿಂದೆ ರೇಡಿಯೊಗೆ ಸೇರುತ್ತದೆ. ಹಳೆಯ ಕೇಬಲ್ಲಿನ ತುದಿಗೆ ದಾರ ಕಟ್ಟಿ ಎಳೆದರೆ ಹೊಸದನ್ನು ಅದೇ ದಾರಿಯಲ್ಲಿ ತರಬಹುದು, ತಡಕಾಡಬೇಕಿಲ್ಲ.

ಮುಖ್ಯವಾದದ್ದು ಅರ್ತ್. ಗಾಡಿಯ ಲೋಹದ ಮೈಯೇ ಏರಿಯಲ್ಲಿನ ಇನ್ನೊಂದು ಅರ್ಧ. ಬುಡ ಕೂರುವ ಜಾಗದಲ್ಲಿ ಮಡ್‌ಗಾರ್ಡಿನ ಒಳಮೈಯ ಬಣ್ಣ, ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ, ಲೋಹಕ್ಕೆ ಲೋಹ ತಾಗುವಂತೆ ಬಿಗಿಯಬೇಕು. ಇಲ್ಲವಾದರೆ ಆಕ್ಸಿಲರೇಟರ್ ಒತ್ತಿದಂತೆಲ್ಲ ಎಂಜಿನ್ನಿನ ಕಿಡಿಗಳ ಸದ್ದು ಹಾಡಿನ ಜೊತೆ ಏರುತ್ತದೆ. ಮೇಲೆ ರಬ್ಬರ್ ವಾಷರ್ ಸರಿಯಾಗಿ ಕೂರದಿದ್ದರೆ ನೀರಿಳಿದು ಬುಡ ಮತ್ತೆ ತುಕ್ಕು ಹಿಡಿಯುತ್ತದೆ. ಮೀಟರ್ ಇದ್ದವರು ಕಡ್ಡಿಯ ತುದಿಯಿಂದ ಪ್ಲಗ್ಗಿನ ನಡುವಿನ ಮೊಳೆಗೆ ವಿದ್ಯುತ್ ಹರಿಯುತ್ತದೆಯೇ, ಆ ಮೊಳೆಗೂ ಹೊರಕವಚಕ್ಕೂ ನಡುವೆ ಹರಿಯದೆ ಇದೆಯೇ ಎಂದು ನೋಡಿಕೊಳ್ಳಬಹುದು.

ಹಳೆಯ ಎಎಂ ರೇಡಿಯೊ ಆದರೆ ಇನ್ನೊಂದು ಕೆಲಸ ಉಳಿಯುತ್ತದೆ. ಕಡ್ಡಿ, ಕೇಬಲ್ ಮತ್ತು ರೇಡಿಯೊದ ಮೊದಲ ಸುರುಳಿ ಮೂರೂ ಒಂದಕ್ಕೊಂದು ಹೊಂದಬೇಕು. ಅದಕ್ಕಾಗಿ ರೇಡಿಯೊದಲ್ಲಿ ಪುಟ್ಟ ತಿರುಪು ಇರುತ್ತದೆ. ಮುಳ್ಳನ್ನು 1400ರ ಸುತ್ತ ಇಟ್ಟು, ಕ್ಷೀಣವಾಗಿ ಕೇಳುವ ಒಂದು ಕೇಂದ್ರ ಹಿಡಿದು, ದನಿ ಅತಿ ಜೋರಾಗುವವರೆಗೆ ತಿರುಪನ್ನು ತಿರುಗಿಸಬೇಕು. ಇದನ್ನು ಅರಿಯದೆ ಹೊಸ ಏರಿಯಲ್ಲೇ ಕೆಟ್ಟದ್ದೆಂದು ಹಿಂದಿರುಗಿಸುವವರು ಉಂಟು.

ಕಡ್ಡಿಯಿಂದ ಬ್ಯಾಂಡಿನ ಕಡೆಗೆ

ಇಂದಿನ ಹೊಸ ವಾಹನಗಳಲ್ಲಿ ಉದ್ದನೆಯ ಕಡ್ಡಿ ಅಪರೂಪವಾಗಿದೆ. ಅದರ ಜಾಗದಲ್ಲಿ ಛಾವಣಿಯ ಮೇಲೆ ಶಾರ್ಕ್ ಮೀನಿನ ರೆಕ್ಕೆಯಂಥ ಗೂಡು ಬಂದಿದೆ. ವಿವಾದವೂ ಕಡ್ಡಿಯನ್ನು ದಾಟಿ ಎಎಂ ಬ್ಯಾಂಡಿಗೇ ಬಂದಿದೆ. ಬ್ಯಾಟರಿಯಿಂದ ಓಡುವ ಕಾರಿನ ಮೋಟಾರು ಮತ್ತು ಅದರ ವಿದ್ಯುತ್ ನಿಯಂತ್ರಕಗಳು ಎಎಂ ಅಲೆಗಳಿಗೆ ಅಡಚಣೆ ಉಂಟುಮಾಡುತ್ತವೆ. ಇದೇ ಕಾರಣ ನೀಡಿ ಹಲವು ತಯಾರಕರು ಅಂಥ ಕಾರುಗಳಲ್ಲಿ ಎಎಂ ರೇಡಿಯೊವನ್ನೇ ಕೈಬಿಟ್ಟರು. ಫೋರ್ಡ್ ಕಂಪೆನಿ ಅದನ್ನು ತನ್ನ ಬಹುತೇಕ ಹೊಸ ವಾಹನಗಳಿಂದ ತೆಗೆಯಲು ಹೊರಟು, ವಿರೋಧ ಬಂದ ಮೇಲೆ 2023ರ ಮೇ ತಿಂಗಳಲ್ಲಿ ನಿರ್ಧಾರ ಬದಲಿಸಿತು. ಪ್ರತಿ ವಾಹನದಲ್ಲೂ ಎಎಂ ಇರಬೇಕೆನ್ನುವ ಮಸೂದೆಯೊಂದು ಅದೇ ವರ್ಷ ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾಯಿತು. ಅದನ್ನು ಎರಡೂ ಪಕ್ಷಗಳ ಸದಸ್ಯರು ಬೆಂಬಲಿಸಿದರು.

ಬೆಂಬಲಿಸಿದವರ ವಾದ ಸರಳ. ಅಲ್ಲಿನ ಸರ್ಕಾರ ತುರ್ತು ಎಚ್ಚರಿಕೆಗಾಗಿ ಜನರೇಟರ್ ಮುಂತಾದ ಸಜ್ಜಿಕೆ ಒದಗಿಸಿರುವ 77 ರೇಡಿಯೊ ಕೇಂದ್ರಗಳಿವೆ. ಅವುಗಳಲ್ಲಿ ಹೆಚ್ಚಿನವು ಎಎಂ. ಬಿರುಗಾಳಿಗೆ ವಿದ್ಯುತ್ ಕಂಬ ಉರುಳಿ, ಮೊಬೈಲ್ ಗೋಪುರ ಸತ್ತಾಗಲೂ ಅವು ಮಾತಾಡಬಲ್ಲವು. ಆದರೆ ಕೇಳುವ ಕಡೆ ರೇಡಿಯೊ ಇರಬೇಕಲ್ಲ! ಮನೆಯಲ್ಲಿ ಕರೆಂಟು ಹೋದಾಗ ಅಂಗಳದಲ್ಲಿ ನಿಂತ ಗಾಡಿಯ ಬ್ಯಾಟರಿಯಲ್ಲಿ ನಡೆಯುವ ರೇಡಿಯೊ ಎಷ್ಟೋ ಕುಟುಂಬಗಳಿಗೆ ಕೊನೆಯ ಸುದ್ದಿಮೂಲ.

ಹಳೆಯ ಪಿಕಪ್ ಉಳ್ಳವನಿಗೆ ಈ ಮಸೂದೆಯ ಚಿಂತೆಯಿಲ್ಲ. ಅವನ ಡ್ಯಾಶ್‌ಬೋರ್ಡಿನಲ್ಲಿ ಎಎಂ ಹೇಗೂ ಇದೆ. ಬೇಕಾದದ್ದು ಒಂದು ಸ್ಪ್ಯಾನರ್, ಒಂದಿಷ್ಟು ಉಪ್ಪುಕಾಗದ ಮತ್ತು 31 ಅಂಗುಲದ ಒಂದು ಕಡ್ಡಿ.