'ನೀವು ಯಾವ ಜನ?'

ಊರು ಬಿಟ್ಟು ಪಟ್ಟಣ ಸೇರುವವರು ನೀರು, ಶಾಲೆ, ಬಾಡಿಗೆ ನೋಡಿ ಬೀದಿ ಆರಿಸುತ್ತಾರೆ. ನಮ್ಮವರಿಗೆ ಮೊದಲು ಎದುರಾಗೋದು ಬೇರೆ ಪ್ರಶ್ನೆ: 'ನೀವು ಯಾವ ಜನ?'

1904ರಲ್ಲಿ ರಾಮಜಿ ಸಕ್ಪಾಲರು ಸಂಸಾರವನ್ನು ಸಾತಾರದಿಂದ ಮುಂಬಯಿಗೆ ತಂದರು. ಗಿರಣಿ ಕೂಲಿಗಳ ಪರೇಲಿನ ಚಾಳಿನಲ್ಲಿ ಒಂದೇ ಕೋಣೆ. ಒಲೆ, ಹೊಗೆ, ನಿದ್ದೆ ಎಲ್ಲ ಅಲ್ಲೇ. ಮಗ ಭೀಮ ಓದಬೇಕಲ್ಲ! ಅಪ್ಪ ರಾತ್ರಿ ಎರಡಕ್ಕೆ ಎಬ್ಬಿಸಿ ಕೂರಿಸುತ್ತಿದ್ದರು. 1907ರಲ್ಲಿ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಮೆಟ್ರಿಕ್ ಆಯಿತು.

ಅಮೆರಿಕ, ಲಂಡನ್ನುಗಳಲ್ಲಿ ಓದಿಬಂದ ಅಂಬೇಡ್ಕರ್ 1917ರಲ್ಲಿ ಬರೋಡಾಕ್ಕೆ ನೌಕರಿಗೆ ಹೋದರು. ಹಿಂದೂಗಳ ಹೋಟೆಲಿನಲ್ಲಿ ಜಾಗವಿಲ್ಲ. ಪಾರ್ಸಿ ಹೆಸರು ಹೇಳಿ ಪಾರ್ಸಿಗಳ ವಸತಿಗೃಹ ಸೇರಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಇಬ್ಬರು ಗೆಳೆಯರನ್ನು ಕೇಳಿದ್ದಾಯಿತು. ಹಿಂದೂ ಗೆಳೆಯನ ಮನೆಯ ಆಳುಗಳು ಬಿಟ್ಟುಹೋಗ್ತಾರಂತೆ. ಕ್ರಿಶ್ಚಿಯನ್ ಗೆಳೆಯ ಹೆಂಡತಿಯನ್ನು ಕೇಳಬೇಕಂತೆ. ಅಷ್ಟು ಓದಿದ ಮನುಷ್ಯ ಪಾರ್ಕಿನಲ್ಲಿ ಕೂತು ರಾತ್ರಿ ರೈಲು ಕಾದರು.

ಸಂಸಾರವಿದ್ದ ಪರೇಲಿಗೇ ಮರಳಿದರು. ಅಲ್ಲೇನು ಜಾತಿ ಸತ್ತಿತ್ತೇ? ಗಿರಣಿಯ ನೇಯ್ಗೆ ವಿಭಾಗಕ್ಕೆ ನಮ್ಮವರನ್ನು ಬಿಡುತ್ತಿರಲಿಲ್ಲ. ಹರಿದ ನೂಲಿಗೆ ಎಂಜಲು ತಾಗುತ್ತದಲ್ಲ, ಅದಕ್ಕೆ! ಆದರೂ ಮನೆ ಬಾಗಿಲಿಗೆ ದೊಣ್ಣೆ ಬರುತ್ತಿರಲಿಲ್ಲ.

1930ರ ದಶಕದಲ್ಲಿ ದಾದರಿನ ಹಿಂದೂ ಕಾಲೋನಿಯಲ್ಲಿ ಮನೆ ಕಟ್ಟಿಸಿದರು, ರಾಜಗೃಹ. ಬಾಡಿಗೆ ಕೇಳುವ ಮಾತೇ ಇರಲಿಲ್ಲ. ಸ್ವಂತ ಮನೆ, ಪುಸ್ತಕಗಳಿಗೂ ಜಾಗ.